ಮಗನ ಪತ್ರಗಳನ್ನು ಕಾದಿರಿಸಿದ ತಾಯಿ

ನವೆಂಬರ್ ಮೃತರ ಸ್ಮರಣೆಯ ಮಾಸ. ಅಗಲಿದ ಆತ್ಮಗಳಿಗಾಗಿ ಬಲಿಪೂಜೆಗಳು ಅರ್ಪಿತವಾಗುವ ಈ ದಿನಗಳಲ್ಲಿ, 1918ರ ನವೆಂಬರ್ 4ರಂದು ಇಪ್ಪತ್ತೈದರ ಹರೆಯದಲ್ಲೇ ರಣರಂಗದಲ್ಲಿ ಮಡಿದ ಆಂಗ್ಲ ಕವಿ ವಿಲ್‌ಫ್ರೆಡ್ ಓವೆನ್‌ನನ್ನೂ ಅವನ ತಾಯಿ ಸೂಸನ್‌ಳನ್ನೂ ನಾವು ನೆನೆಯಬಯಸುತ್ತೇವೆ. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ, ಆಂಗ್ಲಿಕನರು. ಆದರೆ ಸೈನ್ಯಕ್ಕೆ ಹೋದ ಮಗನ ಮನಸ್ಸು ಮುರಿದಾಗ ಹೆತ್ತವರು ಪಡುವ ಪಾಡಿನಲ್ಲಿ ಪಂಥಭೇದವೆಲ್ಲಿ?

ವಿಲ್‌ಫ್ರೆಡ್ 1893ರ ಮಾರ್ಚ್ 18ರಂದು ಇಂಗ್ಲೆಂಡಿನ ಓಸ್‌ವೆಸ್ಟ್ರಿಯ ಬಳಿ ಜನಿಸಿದನು. ತಂದೆ ರೈಲ್ವೆ ನೌಕರರು. ನಾಲ್ವರು ಮಕ್ಕಳಲ್ಲಿ ಇವನೇ ಹಿರಿಯನು. ಮಗನು ಧರ್ಮಗುರುವಾಗಬೇಕೆಂಬುದು ದೈವಭಕ್ತೆಯಾದ ತಾಯಿಯ ಹಂಬಲ. ಅದರಂತೆ 1911ರಲ್ಲಿ ಡನ್ಸ್‌ಡೆನ್ ಎಂಬ ಹಳ್ಳಿಯ ಪಾದ್ರಿಯವರ ಸಹಾಯಕನಾಗಿ ಹೋದನಾದರೂ, ವಿಶ್ವಾಸದ ತೊಳಲಾಟದಲ್ಲಿ ಅಸ್ವಸ್ಥನಾಗಿ 1913ರಲ್ಲಿ ಮನೆಗೆ ಮರಳಿದನು. ಅನಂತರ ಫ್ರಾನ್ಸಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು 1915ರಲ್ಲಿ ಸೈನ್ಯಕ್ಕೆ ಸೇರಿದನು.

ಅವನು ಬರೆದ ಪತ್ರಗಳಲ್ಲಿ ಉಳಿದಿರುವವು 600ಕ್ಕೂ ಹೆಚ್ಚು. ಬಹುಪಾಲು ತಾಯಿಗೇ ಬರೆದವು. 1917ರ ಜನವರಿಯಲ್ಲಿ, ನೀರು ತುಂಬಿದ ನೆಲಗುಹೆಯೊಂದರಲ್ಲಿ ಶತ್ರುಗಳ ಗುಂಡಿನ ಮಳೆಯ ಕೆಳಗೆ 50 ಗಂಟೆಗಳನ್ನು ಕಳೆದುದನ್ನು ಅವನು ಆಕೆಯಿಂದ ಮರೆಮಾಚಲಿಲ್ಲ. ತಾಯಂದಿರಿಗೆ ಕ್ಷೇಮಸಮಾಚಾರ ಮಾತ್ರ ಬರೆಯುವುದು ಮಕ್ಕಳ ವಾಡಿಕೆ. ಕೇಳಿ ತಾಳಿಕೊಳ್ಳಬಲ್ಲವಳೆಂಬ ನಂಬಿಕೆಯಿಲ್ಲದೆ ಯಾವ ಮಗನೂ ಹೀಗೆ ಬರೆಯಲಾರನು.

ಆ ವರ್ಷದ ಏಪ್ರಿಲ್‌ನಲ್ಲಿ ಸಾವಿ ಎಂಬಲ್ಲಿ, ರೈಲುಹಳಿಯ ದಿಬ್ಬದ ಬಳಿ ಮಲಗಿದ್ದಾಗ ಸಿಡಿದ ಷೆಲ್ಲು ಅವನನ್ನು ಎತ್ತಿ ಎಸೆಯಿತು. ಸತ್ತ ಸಹ ಅಧಿಕಾರಿಯ ದೇಹದ ಅವಶೇಷಗಳ ಸಮೀಪ ಹಲವು ದಿನ ಕಳೆಯಬೇಕಾಯಿತು. ಮೈಯಲ್ಲಿ ಗಾಯವಿರಲಿಲ್ಲ, ಆದರೆ ನಡುಕ ಹತ್ತಿತು, ನೆನಪು ಗೊಂದಲಗೊಂಡಿತು. ಇಂಥ ಕಾಯಿಲೆಯನ್ನು ಹೇಡಿತನವೆಂದು ಶಂಕಿಸುತ್ತಿದ್ದ ಕಾಲವದು. ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ತನ್ನದೇ ಸೈನ್ಯದ ಗುಂಡಿಗೆ ಬಲಿಯಾದ 306 ಮಂದಿಯನ್ನು ಬ್ರಿಟನ್ ಕ್ಷಮಿಸಿದ್ದು 2006ರಲ್ಲಿ! ಓವೆನ್ ಅಧಿಕಾರಿಯಾಗಿದ್ದನು; ಜೂನ್‌ನಲ್ಲಿ ಅವನನ್ನು ಎಡಿನ್‌ಬರೊದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಸೇರಿಸಲಾಯಿತು.

ಅಲ್ಲಿನ ವೈದ್ಯ ಆರ್ಥರ್ ಬ್ರಾಕ್‌ರದು ಕೆಲಸದ ಮೂಲಕ ಗುಣಪಡಿಸುವ ವಿಧಾನ. ಗ್ರೀಕ್ ಪುರಾಣದ ಆಂಟಿಯಸ್‌ನಿಗೆ ತಾಯಿಯಾದ ಭೂಮಿಯನ್ನು ಮುಟ್ಟಿದಾಗಲೆಲ್ಲ ಬಲ ಮರಳುತ್ತಿತ್ತು. ರೋಗಿಯೂ ತನ್ನ ಸುತ್ತಲಿನ ನೆಲ-ಜನರನ್ನು ಪುನಃ ಮುಟ್ಟಬೇಕೆಂಬುದು ಅವರ ಮತ. ಓವೆನ್ ಆಸ್ಪತ್ರೆಯ ಪತ್ರಿಕೆಯನ್ನು ಸಂಪಾದಿಸಿದನು, ಶಾಲಾಬಾಲಕರಿಗೆ ಪಾಠ ಹೇಳಿದನು. ಅಲ್ಲಿಯೇ ಕವಿ ಸಸೂನ್‌ರ ಸ್ನೇಹವೂ ಒದಗಿತು. ಮನೆಗೆ ಪತ್ರಗಳು ಹೋಗುತ್ತಲೇ ಇದ್ದವು. ಆಂಟಿಯಸ್‌ನಿಗೆ ಭೂಮಿಯಿದ್ದಂತೆ ಇವನಿಗೆ ಆ ಪತ್ರಗಳನ್ನು ಓದುವ ತಾಯಿಯಿದ್ದಳೆಂದು ನಮಗೆ ತೋರುತ್ತದೆ.

ಗುಣಮುಖನಾಗಿ 1918ರಲ್ಲಿ ಪುನಃ ಫ್ರಾನ್ಸಿಗೆ ಹೊರಟನು. ಅಗಲುವಾಗ ತಾಯಿಗೆ ಅವನು ಹೇಳಿದ ಸಾಲುಗಳು ನಮ್ಮ ರವೀಂದ್ರನಾಥ ಠಾಕೂರರ ಗೀತಾಂಜಲಿಯವು. ಅಕ್ಟೋಬರ್‌ನ ಕಾಳಗದಲ್ಲಿ ತೋರಿದ ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪದಕ ದೊರೆಯಿತು. ಅದೇ ತಿಂಗಳ 31ರಂದು ತಾಯಿಗೆ ಕೊನೆಯ ಪತ್ರ ಬರೆದನು. ನಾಲ್ಕೇ ದಿನಗಳಲ್ಲಿ ಓರ್ಸ್ ಎಂಬಲ್ಲಿ ಕಾಲುವೆ ದಾಟುವ ಯತ್ನದಲ್ಲಿ ಹತನಾದನು. ನವೆಂಬರ್ 11ರಂದು ಯುದ್ಧ ಮುಗಿಯಿತೆಂದು ಷ್ರೂಸ್‌ಬರಿಯ ಚರ್ಚುಗಳ ಗಂಟೆಗಳು ಮೊಳಗುತ್ತಿದ್ದಾಗ ಮನೆಗೆ ತಂತಿ ಬಂದಿತು.

1920ರಲ್ಲಿ ಸೂಸನ್ ಠಾಕೂರರಿಗೆ ಪತ್ರ ಬರೆದು, ಮಗನ ಕಿಸೆಯ ಪುಸ್ತಕದಲ್ಲಿದ್ದ ಆ ಸಾಲುಗಳು ಅವರ ಯಾವ ಗ್ರಂಥದವೆಂದು ವಿಚಾರಿಸಿದಳು. ಓರ್ಸ್‌ನ ಸಮಾಧಿಗೆ ಮಗನ ಕವನದ ಸಾಲುಗಳನ್ನೇ ಆರಿಸಿದಳು. ಸಾವು ನೀಗುವುದೇ ಎಂದು ಅವನು ಸಂದೇಹದಿಂದ ಕೇಳಿದ್ದ ಮಾತದು. ಕಲ್ಲಿನ ಮೇಲೆ ಕಡೆಯ ಪ್ರಶ್ನಾರ್ಥಕ ಚಿಹ್ನೆಯಿಲ್ಲ, ಪ್ರಶ್ನೆಯು ವಿಶ್ವಾಸಪ್ರಕಟಣೆಯಾಗಿದೆ. ಪ್ರಶ್ನೆಯನ್ನು ಉತ್ತರವೆಂದು ಭಾವಿಸುವುದು ತರ್ಕದೋಷವೆಂದು ನಾವು ತತ್ತ್ವಶಾಸ್ತ್ರದಲ್ಲಿ ಕಲಿತವರು. ಮಗನು ಬದುಕಿರುವವರೆಗೆ ಅವನ ಸತ್ಯವನ್ನೆಲ್ಲ ಕೇಳಿಕೊಂಡವಳಿಗೆ ಈ ಒಂದು ಮಾತು ಮಾತ್ರ ತಾಳಲಾಗಲಿಲ್ಲ. ಅವಳೊಡನೆ ವಾದಿಸಲು ನಮಗೆ ಮನಸ್ಸಾಗದು.

ಸೂಸನ್ 1942ರಲ್ಲಿ ತೀರಿಕೊಂಡಳು. ಆಕೆ ಜೋಪಾನವಾಗಿರಿಸಿದ್ದ ಪತ್ರಗಳು 1967ರಲ್ಲಿ ಗ್ರಂಥರೂಪವಾಗಿ ಹೊರಬಂದವು.