ಬೆರಳ ತುದಿಯ ಸಂಗೀತ

ನಮ್ಮ ನಾಡಿನಲ್ಲಿ ಸಂಗೀತವಿದ್ಯೆಯು ಬಹುಮಟ್ಟಿಗೆ ಗುರುಮುಖದಿಂದ ಶಿಷ್ಯನ ಕಿವಿಗೆ ಹರಿದುಬಂದಿದೆ. ಯೂರೋಪಿನ ಶಾಸ್ತ್ರೀಯ ಸಂಗೀತದ ರೀತಿ ಬೇರೆ. ಅಲ್ಲಿ ರಚನಕಾರನು ತನ್ನ ಕೃತಿಯನ್ನು ಐದು ಗೆರೆಗಳ ಮೇಲೆ ಚಿಹ್ನೆಗಳ ರೂಪದಲ್ಲಿ ಬರೆದಿಡುತ್ತಾನೆ. ವಾದಕನು ಅದನ್ನು ಕಣ್ಣಿನಿಂದ ಓದಿ ನುಡಿಸುತ್ತಾನೆ. ಹಾಗಾದರೆ ಕಣ್ಣು ಕಾಣದವನು ಆ ಹಾಳೆಯನ್ನು ಓದುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವನು ಸ್ವತಃ ಅಂಧನಾಗಿದ್ದ ಒಬ್ಬ ತರುಣ. ಅವನೇ ಲೂಯಿ ಬ್ರೈಲ್.

ಬ್ರೈಲನು 1809ರ ಜನವರಿ 4ರಂದು ಪ್ಯಾರಿಸಿಗೆ ಸಮೀಪದ ಕೂವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ಅವನ ತಂದೆ ಕುದುರೆಯ ಜೀನುಗಳನ್ನು ಮಾಡುವ ಕುಶಲಿ. ಮೂರನೆಯ ವಯಸ್ಸಿನಲ್ಲಿ ಬಾಲಕನು ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ ಚೂಪಾದ ಹತಾರವೊಂದು ಅವನ ಕಣ್ಣಿಗೆ ತಗುಲಿತು. ಗಾಯವು ಕೀವುಗಟ್ಟಿ, ನಂಜು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವಷ್ಟರಲ್ಲಿ ಅವನಿಗೆ ಲೋಕವೆಲ್ಲ ಕತ್ತಲಾಯಿತು. ಆದರೂ ತಂದೆತಾಯಿಗಳು ಎದೆಗುಂದಲಿಲ್ಲ. ಅವನನ್ನು ಊರಿನ ಶಾಲೆಗೆ ಕಳುಹಿಸಿದರು. 1819ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸಿನ ಅಂಧ ಬಾಲಕರ ಶಾಲೆಯನ್ನು ಸೇರಿದನು.

ಆ ಶಾಲೆಯಲ್ಲಿ ಕಾಗದದ ಮೇಲೆ ಉಬ್ಬಿಸಿದ ದೊಡ್ಡ ದೊಡ್ಡ ಅಕ್ಷರಗಳ ಪುಸ್ತಕಗಳಿದ್ದವು. ಅವು ಭಾರವಾಗಿದ್ದವು. ಒಂದೊಂದು ಅಕ್ಷರದ ಅಂಚನ್ನೂ ತಡವಿ ತಡವಿ ಓದುವುದರಲ್ಲಿ ಬಹಳ ಹೊತ್ತು ಕಳೆಯುತ್ತಿತ್ತು. ಬ್ರೈಲನು ಅಲ್ಲಿ ಪಿಯಾನೊ ಮತ್ತು ಆರ್ಗನ್ ವಾದ್ಯಗಳನ್ನು ಕಲಿತು ಜಾಣನೆನಿಸಿಕೊಂಡನು. ಆದರೆ ಹೊಸ ಕೃತಿಯೊಂದನ್ನು ಕಲಿಯಬೇಕಾದಾಗ ಅಂಧ ವಾದಕನು ಮತ್ತೊಬ್ಬರು ನುಡಿಸುವುದನ್ನೇ ಕಾಯಬೇಕಾಗಿತ್ತು.

ಸುಮಾರು 1821ರಲ್ಲಿ, ಫ್ರೆಂಚ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಶಾರ್ಲ್ ಬಾರ್ಬಿಯೆ ಎಂಬಾತನು ಉಬ್ಬು ಚುಕ್ಕೆಗಳ ಬರವಣಿಗೆಯೊಂದನ್ನು ಆ ಶಾಲೆಗೆ ಪರಿಚಯಿಸಿದನು. ಅದರಲ್ಲಿ ಒಂದು ಚಿಹ್ನೆಗೆ ಹನ್ನೆರಡರವರೆಗೂ ಚುಕ್ಕೆಗಳಿದ್ದವು. ಅಷ್ಟೊಂದು ಚುಕ್ಕೆಗಳು ಬೆರಳ ತುದಿಗೆ ಒಮ್ಮೆಗೇ ನಿಲುಕುತ್ತಿರಲಿಲ್ಲ. ಸಂಗೀತಕ್ಕಂತೂ ಅದರಲ್ಲಿ ಎಡೆಯೇ ಇರಲಿಲ್ಲ. ಬ್ರೈಲನು ಅದನ್ನು ಕುರಿತು ವರ್ಷಗಟ್ಟಲೆ ಚಿಂತಿಸಿದನು. 1824ರಲ್ಲಿ, ಹದಿನೈದರ ಹರೆಯದಲ್ಲಿ, ಎರಡು ಸಾಲುಗಳಲ್ಲಿ ಮೂರು ಮೂರರಂತೆ ಕೇವಲ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಈ ಆರರಿಂದ 63 ಬಗೆಯ ಚಿಹ್ನೆಗಳು ದೊರೆಯುತ್ತವೆ. ಪ್ರತಿಯೊಂದೂ ಬೆರಳಿನ ಒಂದೇ ಸ್ಪರ್ಶಕ್ಕೆ ತಿಳಿಯುತ್ತದೆ.

1829ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಮಾತಿನೊಡನೆ ಸಂಗೀತವನ್ನೂ ಬರೆಯುವ ಕ್ರಮವಿತ್ತು. ಕಣ್ಣಿಗೆಂದು ಹುಟ್ಟಿದ ಐದು ಗೆರೆಗಳನ್ನು ಅವನು ಕೈಬಿಟ್ಟನು. ಮುಂದೆ ನೆಲೆಗೊಂಡ ಪದ್ಧತಿಯಲ್ಲಿ ಮೇಲಿನ ನಾಲ್ಕು ಚುಕ್ಕೆಗಳು ಸ್ವರ ಯಾವುದೆಂಬುದನ್ನೂ ಕೆಳಗಿನ ಎರಡು ಚುಕ್ಕೆಗಳು ಅದು ಎಷ್ಟು ಕಾಲ ನಿಲ್ಲಬೇಕೆಂಬುದನ್ನೂ ಸೂಚಿಸುತ್ತವೆ. ಪಿಯಾನೊ ಕಲಿಯುವವನು ಎಡಗೈಯಿಂದ ಓದುತ್ತ ಬಲಗೈಯ ಭಾಗವನ್ನು ನುಡಿಸುತ್ತಾನೆ. ಅನಂತರ ಬಲಗೈಯಿಂದ ಓದುತ್ತ ಎಡಗೈಯ ಭಾಗವನ್ನು ನುಡಿಸುತ್ತಾನೆ. ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಒಂದುಗೂಡಿಸುತ್ತಾನೆ. ಇದು ಶ್ರಮದ ಹಾದಿ ನಿಜ. ಆದರೆ ಯಾರ ಹಂಗೂ ಇಲ್ಲದೆ, ತನಗೆ ಒಗ್ಗುವ ವೇಗದಲ್ಲಿ, ತನಗೆ ಬೇಕಾದಷ್ಟು ಸಲ ಓದಿಕೊಳ್ಳುವ ಸ್ವಾತಂತ್ರ್ಯವು ಅಂಧನಿಗೆ ಇದರಿಂದ ದೊರೆಯಿತು.

ಬ್ರೈಲನು ತಾನು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯನಾದನು; ಪ್ಯಾರಿಸಿನ ಚರ್ಚುಗಳಲ್ಲಿ ಆರ್ಗನ್ ವಾದಕನಾಗಿಯೂ ಕೆಲಸ ಮಾಡಿದನು. ಆದರೆ ಅವನ ಲಿಪಿಗೆ ಸುಲಭವಾಗಿ ಮನ್ನಣೆ ದೊರೆಯಲಿಲ್ಲ. ಕಣ್ಣುಳ್ಳವರಿಗೂ ಪರಿಚಿತವಾದ ಅಕ್ಷರಗಳೇ ಮೇಲೆಂದು ಹಲವರು ಭಾವಿಸಿದ್ದರು. 1840ರಲ್ಲಿ ಬಂದ ಹೊಸ ಮುಖ್ಯಸ್ಥನು ಚುಕ್ಕೆಗಳ ಬಳಕೆಯನ್ನು ತಡೆದನು. ಆದರೂ ವಿದ್ಯಾರ್ಥಿಗಳು ಗುಟ್ಟಾಗಿ ಅದನ್ನು ಉಳಿಸಿಕೊಂಡರು. ಒಮ್ಮೆ ಓದಿನ ರುಚಿ ಕಂಡ ಬೆರಳುಗಳನ್ನು ಯಾವ ಆಜ್ಞೆ ತಾನೇ ಹಿಡಿದಿಟ್ಟೀತು? 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಾದಾಗ ಸಭಿಕರ ಮುಂದೆ ಆ ಲಿಪಿಯ ಪ್ರಾತ್ಯಕ್ಷಿಕೆ ನಡೆಯಿತು, ವಿರೋಧವು ಇಳಿಯಿತು.

ಬ್ರೈಲನು ಬಹುಕಾಲ ಕ್ಷಯರೋಗದಿಂದ ನರಳಿ 1852ರ ಜನವರಿ 6ರಂದು ತೀರಿಕೊಂಡನು. ಆಗ ಅವನಿಗೆ 43 ವರ್ಷ. ಶಾಲೆಯು ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ. ಅದನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ. 1951ರಲ್ಲಿ ಭಾರತದ ಭಾಷೆಗಳಿಗೆ ಸಮಾನವಾದ ಬ್ರೈಲ್ ಲಿಪಿಯೊಂದು ಏರ್ಪಟ್ಟಿತು. ಇಂದು ಕನ್ನಡವನ್ನೂ ಅದೇ ಆರು ಚುಕ್ಕೆಗಳಲ್ಲಿ ಓದಬಹುದು.

ಅಂಧರಿಗಾಗಿ ಮರುಗಿದವರು ಹಲವರಿದ್ದರು. ಅವರು ಕಣ್ಣಿನ ಅಕ್ಷರಗಳನ್ನೇ ಬೆರಳಿಗೆ ಒಗ್ಗಿಸಲು ಹೊರಟರು. ಬ್ರೈಲನಾದರೋ ಬೆರಳಿಗೆ ಯಾವುದು ಹಿತವೆಂದು ಬೆರಳನ್ನೇ ಕೇಳಿದನು. ಓದುವವನಿಗೆ ತಕ್ಕಂತೆ ಬರಹವು ಬಾಗಬೇಕೆಂಬ ಈ ಅರಿವೇ ಅವನು ಲೋಕಕ್ಕೆ ಕೊಟ್ಟ ಬೆಳಕು.