ತಾಯಿಯ ತವರು, ಪಕ್ಕದ ಮನೆ

ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಮಾರುವವರೊಬ್ಬರ ಬಳಿ ಹೋದ ವರ್ಷ ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದನ್ನು 60 ರೂಪಾಯಿಗೆ ಕೊಂಡೆ. ಬೆನ್ನಿನ ಮೇಲೆ ಮ್ಯಾಕ್‌ಮಿಲನ್ ಎಂದು ಅಚ್ಚಾಗಿತ್ತು. ನಮ್ಮಲ್ಲಿ ಶಾಲೆ ಕಲಿತ ಬಹಳ ಜನರಿಗೆ ಇದು ಪುಸ್ತಕದ ಹೆಸರಾಗಿಯೇ ಗೊತ್ತು. ಟ್ಯಾಗೋರರ ಇಂಗ್ಲಿಷ್ ಗೀತಾಂಜಲಿಯನ್ನು 1913ರಲ್ಲಿ ಲೋಕಕ್ಕೆ ಹಂಚಿದ್ದು ಇದೇ ಸಂಸ್ಥೆ. ಮೈಸೂರಿನ ಆರ್.ಕೆ. ನಾರಾಯಣ್ ಅವರ ‘ದಿ ಡಾರ್ಕ್ ರೂಮ್’ ಕಾದಂಬರಿ 1938ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಈ ಹೆಸರಿನ ಹಿಂದೊಂದು ಮನೆತನವಿದೆ, ಆ ಮನೆತನದ ಒಬ್ಬ ಬ್ರಿಟನ್ನಿನ ಪ್ರಧಾನಿಯಾಗಿದ್ದ ಎಂಬುದು ಮಾತ್ರ ನನಗೆ ತಿಳಿದದ್ದು ಕಡಿಮೆ ಅಂಕದ ದೆಸೆಯಿಂದ.

ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಷ್ಟೊಂದು ಮಂದಿಯಲ್ಲಿ ನಾನೂ ಒಬ್ಬ. ಒಂದು ಅಭ್ಯಾಸ ಪರೀಕ್ಷೆಯಲ್ಲಿ, ಎರಡನೇ ಮಹಾಯುದ್ಧದ ನಂತರ ಬ್ರಿಟನ್ ಯುರೋಪಿನ ಕಡೆಗಿತ್ತೇ ಅಮೆರಿಕದ ಕಡೆಗಿತ್ತೇ ಎಂದು ಕೇಳಿದ್ದರು. ಬ್ರಿಟನ್ ಅಮೆರಿಕದ ಬಾಲಂಗೋಚಿ ಎಂದು ಎರಡು ಪುಟ ಭರ್ತಿ ಮಾಡಿದೆ. 10ಕ್ಕೆ 3 ಬಂತು. ಉತ್ತರದ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಹೆಸರು, ಹೆರಾಲ್ಡ್ ಮ್ಯಾಕ್‌ಮಿಲನ್. ಸಿಟ್ಟಿನಲ್ಲೇ ಗ್ರಂಥಾಲಯಕ್ಕೆ ಹೋದೆ. ಆಮೇಲೆ ಮೂರು ವಾರ, ಓದಬೇಕಾದದ್ದನ್ನು ಬಿಟ್ಟು, ಈತನ ಹಿಂದೆಯೇ ಬಿದ್ದೆ.

ಮ್ಯಾಕ್‌ಮಿಲನ್ ಹುಟ್ಟಿದ್ದು 1894ರ ಫೆಬ್ರುವರಿ 10ರಂದು, ಲಂಡನ್ನಿನಲ್ಲಿ. ಅಜ್ಜ ಡೇನಿಯಲ್ ಸ್ಕಾಟ್ಲೆಂಡಿನ ಅರಾನ್ ದ್ವೀಪದ ಬಡ ರೈತನ ಮಗ. ತಮ್ಮನ ಜೊತೆ ಸೇರಿ 1843ರಲ್ಲಿ ಪ್ರಕಾಶನ ಶುರು ಮಾಡಿದವನು ಅವನೇ. ತಾಯಿ ನೆಲ್ಲಿ ಮಾತ್ರ ಇಂಗ್ಲೆಂಡಿನವಳಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಸ್ಪೆನ್ಸರ್ ಎಂಬ ಸಣ್ಣ ಊರಿನ ವೈದ್ಯರ ಮಗಳು. ಅಂದರೆ ಅಮೆರಿಕ ಅವನಿಗೆ ಬರೀ ಮಿತ್ರದೇಶವಲ್ಲ, ನಿಜವಾದ ಅರ್ಥದಲ್ಲೇ ತಾಯಿಯ ತವರು. ಅದೇ ತಾಯಿ ಮದುವೆಗೆ ಮುಂಚೆ ಪ್ಯಾರಿಸ್ಸಿನಲ್ಲಿ ಇದ್ದು ಬಂದವಳು. ಮಕ್ಕಳಿಗೆ ಫ್ರೆಂಚ್ ಬರಲೇಬೇಕೆಂದು ಹಟ ಹಿಡಿದು ಮನೆಗೆ ಫ್ರೆಂಚ್ ಕೆಲಸದವರನ್ನೇ ಇಟ್ಟುಕೊಂಡಳು. ಹೀಗೆ ಪಕ್ಕದ ಮನೆಯ ಭಾಷೆಯೂ ಹುಡುಗನಿಗೆ ಚಿಕ್ಕಂದಿನಲ್ಲೇ ಒಲಿಯಿತು.

ಈಟನ್ ಶಾಲೆ, ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜು, ನಂತರ ಮೊದಲ ಮಹಾಯುದ್ಧ. 1915ರಲ್ಲಿ ಲೂಸ್ ಎಂಬಲ್ಲಿ ಗಾಯ, 1916ರಲ್ಲಿ ಸೋಮ್ ಕದನದಲ್ಲಿ ಇನ್ನೂ ದೊಡ್ಡ ಗಾಯ. ಸೊಂಟಕ್ಕೆ ಗುಂಡು ತಗುಲಿ ಶೆಲ್ ಬಿದ್ದ ಗುಂಡಿಯೊಂದರಲ್ಲಿ ದಿನದ ಬಹುಪಾಲು ಬಿದ್ದುಕೊಂಡಿದ್ದ. ಜೇಬಿನಲ್ಲಿದ್ದ ಈಸ್ಕಿಲಸ್‌ನ ನಾಟಕವನ್ನು ಗ್ರೀಕ್ ಭಾಷೆಯಲ್ಲೇ ಓದುತ್ತಾ ಕಾಲ ತಳ್ಳಿದನಂತೆ. ಜೊತೆಗೆ ಓದಿದವರಲ್ಲಿ ಹೆಚ್ಚಿನವರು ಮರಳಲಿಲ್ಲವೆಂದು ಆತ ಪದವಿ ಮುಗಿಸಲು ಆಕ್ಸ್‌ಫರ್ಡ್‌ಗೆ ಹಿಂತಿರುಗಲಿಲ್ಲ. ಯುರೋಪು ಮತ್ತೆ ಹೊಡೆದಾಡಬಾರದು ಎಂಬುದು ಆತನಿಗೆ ಪುಸ್ತಕದ ತತ್ವವಾಗಿರಲಿಲ್ಲ. ಕೊನೆಯವರೆಗೂ ಕಾಲೆಳೆದು ನಡೆಯುತ್ತಿದ್ದ.

1924ರಲ್ಲಿ ಸ್ಟಾಕ್‌ಟನ್ ಎಂಬ ಕೈಗಾರಿಕಾ ಊರಿನಿಂದ ಕನ್ಸರ್ವೇಟಿವ್ ಪಕ್ಷದ ಸಂಸದನಾದ. ಅಲ್ಲಿನ ನಿರುದ್ಯೋಗ ಆತನನ್ನು ತನ್ನ ಪಕ್ಷದೊಳಗೇ ಒಂದಿಷ್ಟು ಎಡಕ್ಕೆ ದೂಡಿತು. ಹಿಟ್ಲರನನ್ನು ಓಲೈಸುವುದನ್ನು ವಿರೋಧಿಸಿ ಪಕ್ಷದ ನಾಯಕರ ಕೆಂಗಣ್ಣಿಗೆ ಗುರಿಯಾದ. 46 ವರ್ಷವಾಗುವ ತನಕ ಯಾವ ಸರ್ಕಾರಿ ಹುದ್ದೆಯೂ ಸಿಗಲಿಲ್ಲ. ಇಪ್ಪತ್ತೇಳಕ್ಕೇ ಜೀವನ ಮುಗಿಯಿತು ಎಂದುಕೊಳ್ಳುವ ನನ್ನಂಥವರು ಈ ಸಾಲನ್ನು ಎರಡು ಸಲ ಓದಬಹುದು.

ಆತನ ಕಥೆ ನಿಜವಾಗಿ ತೆರೆದುಕೊಳ್ಳುವುದು ಅಲ್ಜಿಯರ್ಸ್‌ನಲ್ಲಿ. 1942ರ ಕೊನೆಗೆ ಚರ್ಚಿಲ್ ಆತನನ್ನು ಉತ್ತರ ಆಫ್ರಿಕಾಕ್ಕೆ ಬ್ರಿಟನ್ನಿನ ಸಚಿವನಾಗಿ ಕಳಿಸಿದರು. ಅಲ್ಲಿ ಅಮೆರಿಕದ ಸೇನಾಧಿಪತಿ ಐಸೆನ್‌ಹೋವರ್ ಜೊತೆ ಕೆಲಸ. ತಾಯಿ ಇಂಡಿಯಾನಾದವಳು ಎಂದದ್ದು ಗೆಳೆತನಕ್ಕೆ ಅನುಕೂಲವೇ ಆಯಿತು. ಅಮೆರಿಕನ್ನರು ಹೊಸ ರೋಮನ್ನರು, ನಾವು ಅವರ ಆಸ್ಥಾನದ ಹಳೆಯ ಗ್ರೀಕರಂತೆ ಬುದ್ಧಿ ಹೇಳಿಕೊಂಡು ಕೆಲಸ ನಡೆಸಬೇಕು ಎಂಬ ಅರ್ಥದ ಮಾತನ್ನು ಆತ ಆಡಿದ್ದು ಅಲ್ಲೇ. ಆ ಗ್ರೀಕರಲ್ಲಿ ಬಹಳ ಜನ ಗುಲಾಮರಾಗಿದ್ದರು ಎಂಬುದು ಇಷ್ಟು ಗ್ರೀಕ್ ಓದಿದವನಿಗೆ ಗೊತ್ತಿರಲಿಲ್ಲವೇ ಎಂಬುದು ನನ್ನ ಅನುಮಾನ.

ಅಲ್ಜಿಯರ್ಸ್‌ನಲ್ಲೇ ಇನ್ನೊಬ್ಬ ಸಿಕ್ಕ. ಆರಡಿ ಮೀರಿದ ಎತ್ತರ, ಯಾರಿಗೂ ಬಗ್ಗದ ಕುತ್ತಿಗೆ, ಫ್ರಾನ್ಸಿನ ಜನರಲ್ ಡಿಗಾಲ್. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಡಿಗಾಲ್ ಕಂಡರಾಗುತ್ತಿರಲಿಲ್ಲ, ಜನರಲ್ ಜಿರೋ ಎಂಬಾತನನ್ನು ಮುಂದೆ ತರಲು ನೋಡುತ್ತಿದ್ದರು. ಚರ್ಚಿಲ್ಲರಿಗೂ ಒಂದು ಹಂತದಲ್ಲಿ ಡಿಗಾಲ್ ಸಾಕಾಗಿಹೋಗಿದ್ದ. ಮ್ಯಾಕ್‌ಮಿಲನ್ ಮಾತ್ರ ಈತನಿಲ್ಲದೆ ಫ್ರಾನ್ಸ್ ಏಳುವುದಿಲ್ಲ ಎಂದು ಪಟ್ಟು ಹಿಡಿದು ಡಿಗಾಲ್‌ಗೆ ಜಾಗ ಉಳಿಸಿಕೊಟ್ಟ. 1943ರ ಜೂನ್‌ನಲ್ಲಿ ಒಂದು ದಿನ ಇಬ್ಬರೂ ಕಾರಿನಲ್ಲಿ ಟಿಪಾಸಾ ಎಂಬ ಕಡಲತೀರಕ್ಕೆ ಹೋದರು. ಮ್ಯಾಕ್‌ಮಿಲನ್ ಬಟ್ಟೆ ಕಳಚಿ ಸಮುದ್ರಕ್ಕಿಳಿದ. ಡಿಗಾಲ್ ಪೂರ್ತಿ ಸಮವಸ್ತ್ರದಲ್ಲಿ ಬಂಡೆಯ ಮೇಲೆ ಕೂತಿದ್ದ. ಮುಂದೆ ಇಪ್ಪತ್ತು ವರ್ಷದ ನಂತರ ನಡೆದದ್ದನ್ನು ಓದುವಾಗೆಲ್ಲ ನನಗೆ ಈ ಚಿತ್ರವೇ ಕಣ್ಣಮುಂದೆ ಬರುತ್ತದೆ.

ಯುದ್ಧದ ನಂತರದ ವರ್ಷಗಳನ್ನು ಬೇಗ ದಾಟುತ್ತೇನೆ. ವಸತಿ ಸಚಿವನಾಗಿ ವರ್ಷಕ್ಕೆ 3 ಲಕ್ಷ ಮನೆ ಕಟ್ಟಿಸುವ ಭರವಸೆಯನ್ನು 1953ರಲ್ಲಿ ಈಡೇರಿಸಿದ. 1955ರಲ್ಲಿ ವಿದೇಶಾಂಗ ಸಚಿವ. ಅದೇ ವರ್ಷ ಫ್ರಾನ್ಸ್, ಜರ್ಮನಿ, ಇಟಲಿ ಮತ್ತು ಮೂರು ಪುಟ್ಟ ದೇಶಗಳು ಸಾಮಾನ್ಯ ಮಾರುಕಟ್ಟೆ ಕಟ್ಟಲು ಮಾತುಕತೆಗೆ ಕೂತವು. ಬ್ರಿಟನ್ನನ್ನೂ ಕರೆದರು. ಅದು ಸಚಿವರನ್ನು ಕಳಿಸಲಿಲ್ಲ, ವ್ಯಾಪಾರ ಇಲಾಖೆಯ ಒಬ್ಬ ಅಧಿಕಾರಿಯನ್ನು ಕಳಿಸಿತು. ನವೆಂಬರ್ ಹೊತ್ತಿಗೆ ಆತನನ್ನೂ ಹಿಂದಕ್ಕೆ ಕರೆಸಿಕೊಂಡಿತು. ಇದು ನಡೆಯಲಾರದ ಗಾಡಿ ಎಂದು ಲಂಡನ್ ಭಾವಿಸಿತ್ತು. ಯುರೋಪಿನ ಬಗ್ಗೆ ಅಷ್ಟು ಮಾತಾಡುತ್ತಿದ್ದ ಮ್ಯಾಕ್‌ಮಿಲನ್ ಖುರ್ಚಿಯಲ್ಲಿದ್ದಾಗಲೇ ಇದಾಯಿತು. ಆತನ ಜೀವನದ ದೊಡ್ಡ ತಪ್ಪು ಯಾವುದು ಎಂದು ಕೇಳಿದರೆ ನಾನು ಮುಂದೆ ಬರುವ ಸೂಯೆಜ್ ಅಲ್ಲ, ಇದನ್ನೇ ಹೇಳುತ್ತೇನೆ. ಬಾಗಿಲು ತೆರೆದಿದ್ದಾಗ ಒಳಗೆ ಹೋಗಲಿಲ್ಲ.

ಸೂಯೆಜ್ ಕಾಲುವೆಯನ್ನು ಈಜಿಪ್ಟಿನ ನಾಸರ್ ರಾಷ್ಟ್ರೀಕರಣ ಮಾಡಿದ್ದು 1956ರ ಜುಲೈ 26ರಂದು. ಆಗ ಮ್ಯಾಕ್‌ಮಿಲನ್ ಹಣಕಾಸು ಸಚಿವ. ನಾಸರನನ್ನು ಬಡಿಯಲೇಬೇಕು ಎಂದವರಲ್ಲಿ ಆತ ಮುಂದಿದ್ದ. ಸೆಪ್ಟೆಂಬರ್‌ನಲ್ಲಿ ಅಮೆರಿಕಕ್ಕೆ ಹೋಗಿ ತಾಯಿಯ ಊರನ್ನೂ ನೋಡಿಕೊಂಡು, ಶ್ವೇತಭವನದಲ್ಲಿ ಹಳೆಯ ಗೆಳೆಯ ಐಸೆನ್‌ಹೋವರ್ ಜೊತೆ ಹರಟಿ ಬಂದ. ಗೆಳೆಯ ಅಡ್ಡ ಬರಲಾರ ಎಂದು ಲಂಡನ್ನಿಗೆ ವರದಿ ಒಪ್ಪಿಸಿದ. ಅದು ಬರೀ ಊಹೆ. ಅಕ್ಟೋಬರ್ ಕೊನೆಗೆ ಇಸ್ರೇಲ್, ಬ್ರಿಟನ್, ಫ್ರಾನ್ಸ್ ದಾಳಿಗಿಳಿದಾಗ ಅಮೆರಿಕ ಕೆಂಡವಾಯಿತು. ನಮ್ಮ ನೆಹರೂ ಅವರೂ ದಾಳಿಯನ್ನು ಕಟುವಾಗಿ ಖಂಡಿಸಿದರು. ಆದರೆ ಬ್ರಿಟನ್ನನ್ನು ನಿಲ್ಲಿಸಿದ್ದು ಖಂಡನೆಯಲ್ಲ, ಹಣ. ಪೌಂಡ್ ಕುಸಿಯುತ್ತಿತ್ತು, ಡಾಲರ್ ಮೀಸಲು ಕರಗುತ್ತಿತ್ತು. ಕದನವಿರಾಮವಿಲ್ಲದೆ ಸಹಾಯವಿಲ್ಲ ಎಂದು ವಾಷಿಂಗ್ಟನ್ ಹೇಳಿಬಿಟ್ಟಿತು. ಯುದ್ಧ ಬೇಕು ಎಂದಿದ್ದ ಮ್ಯಾಕ್‌ಮಿಲನ್ನನೇ ನವೆಂಬರ್ 6ರ ಸಂಪುಟ ಸಭೆಯಲ್ಲಿ ನಿಲ್ಲಿಸೋಣ ಎಂದ.

ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಎರಡು ವರ್ಷದಿಂದ ನಾನಿರುವುದು ಸೋದರಮಾವನ ಮನೆಯಲ್ಲಿ. ಮಾವ, ಅತ್ತೆ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಆದರೂ ಊರಿಗೆ ಯಾವಾಗ ಹೋಗಬೇಕು, ಯಾವ ಅರ್ಜಿ ಹಾಕಬೇಕು ಎಂದು ಯೋಚಿಸುವಾಗ ಮೊದಲು ನೆನಪಾಗುವುದು ಅವರು ಏನಂದುಕೊಂಡಾರು ಎಂಬುದೇ. ಪ್ರೀತಿಯಿದ್ದ ಕಡೆಯೂ ಲೆಕ್ಕವಿರುತ್ತದೆ. ಊಟ ಮಾಡುವವನಿಗೆ ಅದು ಗೊತ್ತಿರುತ್ತದೆ, ಬಡಿಸುವವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಸೂಯೆಜ್‌ನಿಂದ ಬ್ರಿಟನ್ ಮತ್ತು ಫ್ರಾನ್ಸ್ ಕಲಿತ ಪಾಠಗಳು ಬೇರೆ ಬೇರೆ. ಅಮೆರಿಕವನ್ನು ನೆಚ್ಚಬಾರದು, ಯುರೋಪನ್ನೇ ಕಟ್ಟಬೇಕು ಎಂದು ಫ್ರಾನ್ಸ್ ಕಲಿಯಿತು. ಅಮೆರಿಕವನ್ನು ಇನ್ನೆಂದೂ ಎದುರು ಹಾಕಿಕೊಳ್ಳಬಾರದು ಎಂದು ಬ್ರಿಟನ್ ಕಲಿಯಿತು. ಈಡನ್ ರಾಜೀನಾಮೆ ಕೊಟ್ಟ ಮೇಲೆ 1957ರ ಜನವರಿ 10ರಂದು ಮ್ಯಾಕ್‌ಮಿಲನ್ ಪ್ರಧಾನಿಯಾದ. ಮಾರ್ಚ್‌ನಲ್ಲಿ ಬರ್ಮುಡಾಕ್ಕೆ ಹೋಗಿ ಐಸೆನ್‌ಹೋವರ್ ಜೊತೆ ರಾಜಿ ಮಾಡಿಕೊಂಡ. ಅದೇ ಮಾರ್ಚ್ 25ರಂದು ರೋಮ್‌ನಲ್ಲಿ ಆರು ದೇಶಗಳು ಸಾಮಾನ್ಯ ಮಾರುಕಟ್ಟೆಯ ಒಪ್ಪಂದಕ್ಕೆ ಸಹಿ ಹಾಕಿದವು. 1958ರಲ್ಲಿ ಅಮೆರಿಕ ತನ್ನ ಅಣ್ವಸ್ತ್ರ ರಹಸ್ಯಗಳನ್ನು ಬ್ರಿಟನ್ ಜೊತೆ ಹಂಚಿಕೊಳ್ಳುವ ಒಪ್ಪಂದವೂ ಆಯಿತು. ಆ ವರ್ಷದ ಜನವರಿಯಲ್ಲೇ ಆತ ದೆಹಲಿಗೂ ಬಂದಿದ್ದ. ಅಧಿಕಾರದಲ್ಲಿದ್ದಾಗ ಭಾರತಕ್ಕೆ ಬಂದ ಮೊದಲ ಬ್ರಿಟಿಷ್ ಪ್ರಧಾನಿ ಆತನೇ.

ನಡೆಯಲಾರದು ಎಂದುಕೊಂಡಿದ್ದ ಗಾಡಿ ಓಡತೊಡಗಿತು. ಆರು ದೇಶಗಳ ಬೆಳವಣಿಗೆ ಬ್ರಿಟನ್ನನ್ನು ಹಿಂದೆ ಹಾಕಿತು. 1961ರ ಜುಲೈ 31ರಂದು ಮ್ಯಾಕ್‌ಮಿಲನ್ ಸಂಸತ್ತಿನಲ್ಲಿ ಎದ್ದು ನಿಂತು ಯುರೋಪಿಗೆ ಅರ್ಜಿ ಹಾಕುವುದಾಗಿ ಘೋಷಿಸಿದ. ಇಲ್ಲಿ ನನ್ನ ಎರಡು ಪುಟದ ಉತ್ತರ ಪೂರ್ತಿ ಕುಸಿದುಬಿದ್ದದ್ದು. ಬ್ರಿಟನ್ ಯುರೋಪಿಗೆ ಸೇರಲಿ ಎಂದು ಒತ್ತಾಯಿಸುತ್ತಿದ್ದದ್ದು ಅಮೆರಿಕವೇ! ಅಧ್ಯಕ್ಷ ಕೆನಡಿಗೆ ಬೇಕಾಗಿದ್ದದ್ದು ಒಳಗೆ ಕೂತು ತಮ್ಮ ಪರ ಮಾತಾಡುವ ಬ್ರಿಟನ್. ತವರಿನವರೇ ಪಕ್ಕದ ಮನೆಗೆ ಹೋಗು ಎಂದು ಕಳಿಸಿದಂತೆ. ಯಾರ ಪರವಾಗಿ ಬರುತ್ತಿದ್ದಾನೆ ಎಂದು ಪಕ್ಕದ ಮನೆಯವರಿಗೆ ಅನುಮಾನ ಬಂದರೆ ಅದು ಸಹಜ ತಾನೆ?

ಎಡ್ವರ್ಡ್ ಹೀತ್ ಬ್ರಸೆಲ್ಸ್‌ನಲ್ಲಿ ತಿಂಗಳುಗಟ್ಟಲೆ ಮಾತುಕತೆ ನಡೆಸಿದ. ನ್ಯೂಜಿಲೆಂಡಿನ ಬೆಣ್ಣೆ, ಆಸ್ಟ್ರೇಲಿಯಾದ ಗೋಧಿ, ಭಾರತದ ಚಹಾ ಮತ್ತು ಹತ್ತಿಬಟ್ಟೆ, ಇವಕ್ಕೆಲ್ಲ ಬ್ರಿಟನ್ನಿನಲ್ಲಿದ್ದ ಸುಂಕದ ರಿಯಾಯಿತಿ ಏನಾಗಬೇಕು ಎಂಬ ತಕರಾರು. 1962ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಬಂದ ಕಾಮನ್‌ವೆಲ್ತ್ ಪ್ರಧಾನಿಗಳು, ನೆಹರೂ ಅವರೂ ಸೇರಿ, ಆತಂಕ ತೋಡಿಕೊಂಡರು.

ಆದರೆ ಗಂಟು ಬಿದ್ದದ್ದು ಬೆಣ್ಣೆಯಲ್ಲಲ್ಲ, ಕ್ಷಿಪಣಿಯಲ್ಲಿ. ಬ್ರಿಟನ್ 1960ರಲ್ಲಿ ತನ್ನದೇ ಬ್ಲೂ ಸ್ಟ್ರೀಕ್ ಕ್ಷಿಪಣಿ ಯೋಜನೆ ಕೈಬಿಟ್ಟು, ಅಮೆರಿಕ ತಯಾರಿಸುತ್ತಿದ್ದ ಸ್ಕೈಬೋಲ್ಟ್ ಕೊಳ್ಳಲು ಒಪ್ಪಿತ್ತು. ತನ್ನ ಬಾಂಬರ್ ವಿಮಾನಗಳಿಂದ ಹಾರಿಸಲು ಅದು ಬೇಕಿತ್ತು. ಸ್ಕಾಟ್ಲೆಂಡಿನ ಹೋಲಿ ಲಾಕ್ ಎಂಬಲ್ಲಿ ಅಮೆರಿಕದ ಜಲಾಂತರ್ಗಾಮಿಗಳಿಗೆ ನೆಲೆಯನ್ನೂ ಕೊಟ್ಟಿತು. ಎರಡು ವರ್ಷದ ನಂತರ, ಪರೀಕ್ಷೆಗಳು ಸೋಲುತ್ತಿವೆ, ಖರ್ಚು ಜಾಸ್ತಿ ಎಂದು ಅಮೆರಿಕ ಸ್ಕೈಬೋಲ್ಟನ್ನೇ ನಿಲ್ಲಿಸಲು ಹೊರಟಿತು. ಬ್ರಿಟನ್ನಿನ ಕೈಯಲ್ಲಿ ಏನೂ ಉಳಿಯಲಿಲ್ಲ.

1962ರ ಡಿಸೆಂಬರ್ 15 ಮತ್ತು 16. ಪ್ಯಾರಿಸ್ ಹತ್ತಿರದ ರಾಂಬುಯೆ ಅರಮನೆಯಲ್ಲಿ ಮ್ಯಾಕ್‌ಮಿಲನ್ ಮತ್ತು ಡಿಗಾಲ್ ಎದುರುಬದುರು. ಒಂದು ಕಾಲದಲ್ಲಿ ಜಾಗ ಉಳಿಸಿಕೊಟ್ಟವನು ಈಗ ಜಾಗ ಕೇಳಲು ಬಂದಿದ್ದ. ಡಿಗಾಲ್ ಸೌಜನ್ಯ ಬಿಡಲಿಲ್ಲ, ಹಿಡಿತವನ್ನೂ ಬಿಡಲಿಲ್ಲ. ಬ್ರಿಟನ್ ಇನ್ನೂ ಸಿದ್ಧವಾಗಿಲ್ಲ ಎಂಬ ಧಾಟಿ. ಎರಡೇ ದಿನ ಬಿಟ್ಟು ಮ್ಯಾಕ್‌ಮಿಲನ್ ಬಹಾಮಾಸ್‌ನ ನಸ್ಸೌನಲ್ಲಿ ಕೆನಡಿಯ ಮುಂದಿದ್ದ. ಅಲ್ಲಿ ಆತ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಮೊದಲ ಯುದ್ಧದ ಸಾವುಗಳನ್ನು, ಎರಡೂ ದೇಶಗಳು ಸೇರಿ ಬಾಂಬ್ ಮಾಡಿದ ಚರಿತ್ರೆಯನ್ನು ನೆನಪಿಸಿದ. ಕೆನಡಿ ಕರಗಿದ. ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿ ಬ್ರಿಟನ್ನಿಗೆ ದಕ್ಕಿತು. ಸಿಡಿತಲೆಯೂ ಹಡಗೂ ಬ್ರಿಟನ್ನಿನದು, ಕ್ಷಿಪಣಿ ಅಮೆರಿಕದ್ದು. ದೇಶದ ಪರಮ ಹಿತಕ್ಕೆ ಧಕ್ಕೆ ಬಂದಾಗಲಷ್ಟೇ ಸ್ವಂತ ಇಚ್ಛೆಯಂತೆ ಬಳಕೆ, ಉಳಿದಂತೆ ನ್ಯಾಟೊ ಅಧೀನ.

ಮ್ಯಾಕ್‌ಮಿಲನ್ ಗೆದ್ದು ಬಂದೆ ಎಂದುಕೊಂಡ. 1963ರ ಜನವರಿ 14ರಂದು ಡಿಗಾಲ್ ಪತ್ರಕರ್ತರನ್ನು ಕರೆದು ಬ್ರಿಟನ್ನಿಗೆ ಬಾಗಿಲು ಮುಚ್ಚಿದ. ಅದು ದ್ವೀಪದೇಶ, ಕಡಲಾಚೆಗೆ ಕಟ್ಟಿಹಾಕಿಕೊಂಡಿದೆ, ಅದನ್ನು ಒಳಗೆ ಬಿಟ್ಟರೆ ಯುರೋಪೇ ಅಮೆರಿಕದ ಆಶ್ರಯದಲ್ಲಿ ಕರಗಿಹೋಗುತ್ತದೆ ಎಂಬುದು ವಾದದ ಸಾರ. ನಸ್ಸೌ ಒಪ್ಪಂದ ನೆಪವಷ್ಟೇ, ಡಿಗಾಲ್ ಮೊದಲೇ ತೀರ್ಮಾನಿಸಿದ್ದ ಎನ್ನುವ ಇತಿಹಾಸಕಾರರು ಬಹಳ ಇದ್ದಾರೆ. ಇರಬಹುದು. ಆದರೂ ಆ ವಾರವನ್ನು ನೋಡಿ. ಸ್ವತಂತ್ರ ಎಂದು ತೋರಿಸಿಕೊಳ್ಳಲು ಬೇಕಾದ ಆಯುಧವನ್ನೇ ಒಬ್ಬರಿಂದ ಬೇಡಿ ತರಬೇಕಾದರೆ, ಇನ್ನೊಬ್ಬರ ಮುಂದೆ ಸ್ವತಂತ್ರ ಎಂದು ಹೇಗೆ ಹೇಳುವುದು?

ಮ್ಯಾಕ್‌ಮಿಲನ್ ತನ್ನ ದಿನಚರಿಯಲ್ಲಿ ನಿರಾಶೆ ತೋಡಿಕೊಂಡ. ಆ ವರ್ಷ ಪ್ರೊಫ್ಯೂಮೊ ಹಗರಣ ಸರ್ಕಾರವನ್ನು ಅಲುಗಿಸಿತು. ಆಗಸ್ಟ್‌ನಲ್ಲಿ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಅಮೆರಿಕ, ರಷ್ಯಾ ಜೊತೆ ಬ್ರಿಟನ್ನೂ ಸಹಿ ಹಾಕಿತು, ಅದರಲ್ಲಿ ಆತನ ಪಾಲು ದೊಡ್ಡದು. ಅಕ್ಟೋಬರ್‌ನಲ್ಲಿ ಕಾಯಿಲೆ ಬಿದ್ದು ರಾಜೀನಾಮೆ ಕೊಟ್ಟು ಪುಸ್ತಕದ ಕಂಪನಿಗೆ ಮರಳಿದ. 1973ರ ಜನವರಿ 1ರಂದು ಹೀತ್ ಪ್ರಧಾನಿಯಾಗಿದ್ದಾಗ ಬ್ರಿಟನ್ ಯುರೋಪಿನ ಒಳಗೆ ಬಂದದ್ದನ್ನು ಆತ ನೋಡಿದ. 1986ರ ಡಿಸೆಂಬರ್ 29ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡ. 2016ರ ಜನಮತ, 2020ರ ಜನವರಿ 31ರಂದು ಬ್ರಿಟನ್ ಹೊರನಡೆದದ್ದು, ಇವೆರಡನ್ನು ನೋಡಲು ಇರಲಿಲ್ಲ.

ಬ್ರಿಟನ್ನಿನ ಜಲಾಂತರ್ಗಾಮಿಗಳಲ್ಲಿ ಪೊಲಾರಿಸ್ ಜಾಗಕ್ಕೆ ಟ್ರೈಡೆಂಟ್ ಬಂದಿದೆ, ಅದೂ ಅಮೆರಿಕದ್ದೇ. ಅರಾನ್ ದ್ವೀಪದ ರೈತನ ಮಗ ಕಟ್ಟಿದ ಪುಸ್ತಕದ ಕಂಪನಿಯನ್ನು 1990ರ ದಶಕದಲ್ಲಿ ಜರ್ಮನಿಯ ಹೋಲ್ಟ್ಸ್‌ಬ್ರಿಂಕ್ ಸಂಸ್ಥೆ ಕೊಂಡುಕೊಂಡಿತು.

ಹೋದ ತಿಂಗಳು ಮೇಷ್ಟ್ರು ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟರು. ಈ ಸಲ 6 ಬಂತು. ಬಾಲಂಗೋಚಿ ಎಂಬ ಪದವನ್ನು ಎಲ್ಲೂ ಬಳಸಲಿಲ್ಲ. ಉತ್ತರಪತ್ರಿಕೆಯನ್ನು ಮಾವನಿಗೆ ತೋರಿಸಿದೆ, ಊರಿಗೆ ಹೋಗುವ ವಿಷಯವನ್ನು ಇನ್ನೂ ಎತ್ತಿಲ್ಲ.