ಗುಂಡು, ನಳಿಗೆ ಮತ್ತು ನಡುವಿನ ಸಂದು: ಟಿಪ್ಪುವಿನ ಬದುಕು ಇಂಜಿನಿಯರಿಂಗ್ ಕಣ್ಣಲ್ಲಿ

ಟಿಪ್ಪು ಸುಲ್ತಾನನ ಮಾತು ತೆಗೆದರೆ ಸಾಕು, ಕ್ಯಾಂಟೀನ್‌ನಲ್ಲಿ ಎರಡು ಗುಂಪು ಆಗಿಬಿಡುತ್ತೆ. ಟೀ ಆರಿದರೂ ವಾದ ಆರಲ್ಲ. ಆ ವಾದವನ್ನು ಸ್ವಲ್ಪ ಪಕ್ಕಕ್ಕಿಟ್ಟು, ಅವನ ಬದುಕನ್ನು ಅವನ ಬಂದೂಕು, ರಾಕೆಟ್ಟುಗಳ ಕಡೆಯಿಂದ ನೋಡಿದರೆ ಹೇಗೆ ಅಂತ ನಾವು ಯೋಚಿಸಿದೆವು.

ಟಿಪ್ಪು ಹುಟ್ಟಿದ್ದು 1751ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗಿನ್ನೂ ಮೈಸೂರು ಸೈನ್ಯದಲ್ಲಿ ಮೇಲೇರುತ್ತಿದ್ದ ಸಿಪಾಯಿ. ಹತ್ತೇ ವರ್ಷಗಳಲ್ಲಿ ರಾಜ್ಯದ ಲಗಾಮು ಅವನ ಕೈಗೆ ಬಂತು. ಹುಡುಗ ಟಿಪ್ಪು ಬೆಳೆದದ್ದು ಯುದ್ಧಗಳ ನಡುವೆಯೇ. 1771ರಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದಿರುಗುತ್ತಿದ್ದ ಹೈದರನ ಸೈನ್ಯವನ್ನು ಮರಾಠರು ಚಿನಕುರಳಿಯ ಬಳಿ ಚಿಂದಿ ಮಾಡಿದರು. ನಮ್ಮ ಪಾಂಡವಪುರ ತಾಲ್ಲೂಕಿನ ಅದೇ ಚಿನಕುರಳಿ! ಟಿಪ್ಪುವಿಗೆ ಆಗ ಇಪ್ಪತ್ತರ ಹತ್ತಿರದ ವಯಸ್ಸು. ಸೋಲು ಹೇಗಿರುತ್ತೆ ಅನ್ನೋದನ್ನು ಕಣ್ಣಾರೆ ಕಂಡ.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕಡೆ ಇದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದೇ ಕರೆದರು. ಫ್ರೆಂಚರ ಜೊತೆ ಫ್ರೆಂಚ್ ಬಂದೂಕೂ ಬಂತು, ಇಂಗ್ಲಿಷರನ್ನು ಸೋಲಿಸಿದಾಗಲೆಲ್ಲ ಅವರ ಬಂದೂಕೂ ಕೈಸೇರಿತು. ತಲೆನೋವು ಶುರುವಾಗೋದು ಇಲ್ಲೇ. ಇಂಗ್ಲಿಷರ ಬ್ರೌನ್ ಬೆಸ್ ಬಂದೂಕಿನ ನಳಿಗೆಯ ಒಳವ್ಯಾಸ ಸುಮಾರು 0.75 ಅಂಗುಲ, ಅದರ ಸೀಸದ ಗುಂಡು ಸುಮಾರು 0.69 ಅಂಗುಲ. ಫ್ರೆಂಚ್ ಬಂದೂಕಿನ ನಳಿಗೆಯೇ ಸುಮಾರು 0.69! ಅಂದರೆ ಇಂಗ್ಲಿಷ್ ಗುಂಡು ಫ್ರೆಂಚ್ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ, ಫ್ರೆಂಚ್ ಗುಂಡು ಇಂಗ್ಲಿಷ್ ನಳಿಗೆಯಲ್ಲಿ ಲೊಡಲೊಡ ಅನ್ನುತ್ತೆ.

ಸಂದು ಜಾಸ್ತಿ ಆದರೆ ಮದ್ದು ಉರಿದ ಅನಿಲ ಗುಂಡಿನ ಪಕ್ಕದಿಂದ ಸೋರಿ ಹೋಗುತ್ತೆ, ವೇಗವೂ ಗುರಿಯೂ ಕೆಡುತ್ತೆ. ಕಡಿಮೆ ಆದರೆ, ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಮಸಿ ಕಟ್ಟಿಕೊಂಡು ಐದನೆಯದು ಒಳಗೆ ಇಳಿಯೋದೇ ಇಲ್ಲ. ಆ ಕಾಲದವರು ಗುಂಡಿಗೆ ಕಾಗದ ಅಥವಾ ಎಣ್ಣೆ ಬಟ್ಟೆ ಸುತ್ತಿ ಸಂದು ತುಂಬುತ್ತಿದ್ದರು. ಇಂದು ಹೊರದೇಶಗಳಲ್ಲಿ ಗುಂಡು ಸಿಗದ ಹಳೇ ರೈಫಲ್‌ಗಳನ್ನು ಇಟ್ಟುಕೊಂಡ ಹವ್ಯಾಸಿಗಳು ಸೀಸದ ಗುಂಡಿನ ಮೇಲೆ ಪೌಡರ್ ಕೋಟಿಂಗ್ ಮಾಡಿ ಒಲೆಯಲ್ಲಿ ಬೇಯಿಸಿ, ಕೂದಲೆಳೆಯಷ್ಟು ವ್ಯಾಸ ಹೆಚ್ಚಿಸಿಕೊಳ್ಳುತ್ತಾರೆ. ನಮ್ಮ ಗೇಟಿಗೂ ಬೈಕ್ ಚಕ್ರಕ್ಕೂ ಹಾಕಿಸುವ ಅದೇ ಕೋಟಿಂಗ್. ವಿಧಾನ ಬದಲಾಗಿದೆ, ಸಮಸ್ಯೆ ಮಾತ್ರ ಅದೇ: ಫಿಟ್.

ಟಿಪ್ಪು ಇದಕ್ಕೆ ಎರಡು ದಾರಿ ಹಿಡಿದ. ಒಂದು, ಬಂದೂಕನ್ನು ಇಲ್ಲೇ ತಯಾರಿಸೋದು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಹುಲಿಪಟ್ಟೆಯ ಗುರುತಿರುವ ಬಂದೂಕುಗಳು ತಯಾರಾದವು. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನಕ್ಕೆ ಹೋದಾಗ ಸೈನ್ಯದ ನೆರವಿನ ಜೊತೆ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕಸುಬುದಾರರು ಬಂದರು.

ಎರಡನೆಯದು, ನಳಿಗೆಯ ಗೋಜೇ ಇಲ್ಲದ ಆಯುಧ, ಅಂದರೆ ರಾಕೆಟ್. ನಳಿಗೆಯೇ ಇಲ್ಲ ಅಂದಮೇಲೆ ಸಂದಿನ ಮಾತೆಲ್ಲಿ? ಯುರೋಪಿನ ರಾಕೆಟ್‌ಗಳಿಗೆ ಆಗ ಕಾಗದದ ಹೊದಿಕೆ. ಮೈಸೂರಿನವರದ್ದು ಕಬ್ಬಿಣದ ಕೊಳವೆ. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಹೆಚ್ಚು ಮದ್ದು ತುಂಬಬಹುದು, ಹೆಚ್ಚು ದೂರ ಹೋಗುತ್ತೆ. ಕೊಳವೆಗೆ ಬಿದಿರು ಕಟ್ಟಿ ಹಾರಿಸಿದರೆ ಒಂದು ಕಿಲೋಮೀಟರಿನ ಆಸುಪಾಸು ಹೋಗಿ ಬೀಳುತ್ತಿತ್ತು. ಗುರಿ ಕರಾರುವಾಕ್ಕಲ್ಲ, ನಿಜ. ಆದರೆ ಒಟ್ಟಾಗಿ ನುಗ್ಗಿದಾಗ ಕುದುರೆ, ಎತ್ತು, ಮನುಷ್ಯ ಯಾರೂ ನಿಲ್ಲುತ್ತಿರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೇಯ್ಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡು ಇಂಗ್ಲಿಷ್ ಪಡೆ ನಾಶವಾಯಿತು. ಅಂದು ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಅಧಿಕಾರಿಯೂ ಇದ್ದ. ಅವನು 1784ರ ಮಂಗಳೂರು ಒಪ್ಪಂದದವರೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತ.

1782ರಲ್ಲಿ ಹೈದರ್ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದ. ಹತ್ತು ವರ್ಷಗಳಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಟ್ಟಿಗೆ ಮೇಲೆ ಬಿದ್ದರು. ಮರಾಠಾ ದಂಡಿನ ಕೈಗೆ ಸಿಕ್ಕಿ ನಾಗಮಂಗಲ ಹಾಳಾಯಿತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಗಂಡುಮಕ್ಕಳು ಒತ್ತೆಯಾಳಾಗಿ ಹೋದರು.

ಆಯುಧದ ಜಾಣ್ಮೆ ಹೇಳಿ, ಅದರ ನೋವನ್ನು ಬಿಟ್ಟುಬಿಡೋದು ಸರಿಯಲ್ಲ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ದಂಡಯಾತ್ರೆಗಳ ನೆನಪು ಇಂದಿಗೂ ಕಹಿ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಕುಟುಂಬಗಳು ತಮ್ಮ ಹಿರಿಯರ ಸಾವನ್ನು ನೆನೆದು ನರಕ ಚತುರ್ದಶಿ ಆಚರಿಸುವುದಿಲ್ಲ. ಮರಾಠಾ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳಿಸಿದವನೂ ಇವನೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳೋದು ಕಷ್ಟ. ಆದರೆ ಎರಡೂ ನಡೆದದ್ದೇ.

1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಕೆಟ್, ಗುಂಡುಗಳಿಗೆ ಸಿಕ್ಕಿ ಹಿಮ್ಮೆಟ್ಟಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಮೇ 2ರಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೇ ಬೆಂಕಿ ಬಿತ್ತು. ಮೇ 4ರ ಮಧ್ಯಾಹ್ನ ಒಡೆದ ಗೋಡೆಯ ಮೂಲಕ ಇಂಗ್ಲಿಷರು ನುಗ್ಗಿದರು. ಮುಂದಾಳು ಯಾರು ಗೊತ್ತಾ? ಇದೇ ಊರಿನಲ್ಲಿ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್. ಟಿಪ್ಪು ಹೋರಾಡುತ್ತಲೇ ಸತ್ತ. ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಅವನನ್ನು ಹುಡುಕಿದರು. ಮರುದಿನ ಗುಂಬಜ್‌ನಲ್ಲಿ ತಂದೆತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ಅಭ್ಯಾಸ ಮಾಡಿ ತನ್ನದೇ ರಾಕೆಟ್ ಕಟ್ಟಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿಗೆ ಉರಿಯಿತು. ಇಲ್ಲಿ ಉಳಿದವು ಮಣ್ಣಾದವು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಒಂದು ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು.

ಶ್ರೀರಂಗಪಟ್ಟಣ ರೈಲ್ವೆ ನಿಲ್ದಾಣದ ಹತ್ತಿರ ಅವನ ಮದ್ದಿನಮನೆಯೊಂದಿದೆ. ಜೋಡಿ ರೈಲು ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಇಂಜಿನಿಯರುಗಳು ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಜಾಕ್ ಕೊಟ್ಟು ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಸಿವಿಲ್ ಗೆಳೆಯರು ತಳಪಾಯ ನೋಡಲಿ, ಮೆಕ್ಯಾನಿಕಲ್‌ನವರು ಒಳಗಿದ್ದ ಮದ್ದಿನ ಲೆಕ್ಕ ಹಾಕಲಿ. ಭಾನುವಾರ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಕ್ಯಾಂಟೀನ್ ವಾದ ಆಮೇಲೆ ಮುಂದುವರಿಸೋಣ.